ಸರ್ವಜ್ಞನನ್ನು ಹುಡುಕಿ ಹೊರಟ ಪಾದ್ರಿ

ನಮ್ಮ ಸೀಮೆಯ ಇತಿಹಾಸ ಅಂದರೆ ನರಗುಂದದ ಗುಡ್ಡ, ಬಾಬಾಸಾಹೇಬ, ಸುರೇಬಾನದಲ್ಲಿ ಸತ್ತ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್, 1858ರ ಬಂಡಾಯ. ರೋಣದವರಿಗೂ ಗಜೇಂದ್ರಗಡದವರಿಗೂ ಈ ಕಥೆ ಬಾಯಿಪಾಠ. ಅದಕ್ಕೂ ಮೊದಲು, ಗದಗ-ಬೆಟಗೇರಿಯ ಮಗ್ಗುಲಲ್ಲೇ ನಡೆದ ಒಂದು ವಿಚಿತ್ರ ಪ್ರಸಂಗವನ್ನು ಮಾತ್ರ ಯಾರೂ ಹೇಳುವುದಿಲ್ಲ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ ಮುಟ್ಟಿದರು. ಆ ಹೊತ್ತಿಗೆ ‘ಕಾಲಜ್ಞಾನಿಗಳು’ ಎಂಬ ಪಂಥದವರು ತಾವಾಗಿಯೇ ಅವರ ಬಾಗಿಲಿಗೆ ಬಂದರು. ತಮ್ಮ ಹಳೆಯ ಕಾಲಜ್ಞಾನದಲ್ಲಿ ಬರಬೇಕೆಂದಿದ್ದ ಗುರುಗಳು ನೀವೇ ಇರಬೇಕು ಎಂಬುದು ಅವರ ಮಾತಿನ ಸಾರ. ಮಿಶನರಿಗಳಿಗೆ ಇನ್ನೇನು ಬೇಕು? ಸಾವಿರಾರು ಜನ ಒಟ್ಟಿಗೇ ದೀಕ್ಷಾಸ್ನಾನಕ್ಕೆ ಬರುತ್ತಾರೆಂದು ಅವರಲ್ಲೊಬ್ಬನಾದ ಹರ್ಮನ್ ಮೋಗ್ಲಿಂಗ್ ಹಿಗ್ಗಿದ. ಜಾತಿ ಬಿಟ್ಟು ಬಂದವರು ಉತ್ತುಂಡು ಬದುಕಲೆಂದು 1841ರಲ್ಲಿ ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಒಕ್ಕಲುತನದ ವಸತಿ ಎದ್ದಿತು. ಬೆಟಗೇರಿಯಲ್ಲಿ ಮಿಶನ್ ಠಾಣೆ ಶುರುವಾದದ್ದೂ ಅದೇ ವರ್ಷ.

ಕಾಲಜ್ಞಾನಿಗಳು ಬರಲಿಲ್ಲ.

ಅವರು ಮೋಸ ಮಾಡಿದರು, ಹೊಲದ ಆಸೆಗೆ ಬಂದಿದ್ದರು ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ತಮ್ಮ ಪುರಾತನರ ನುಡಿ ನಿಜವಾಗುವುದನ್ನು ನೋಡಲು ಬಂದವರು ಅವರು. ಮಿಶನರಿಗಳು ಆ ನುಡಿಯನ್ನು ಮೂಲೆಗಿಟ್ಟು ಬನ್ನಿ ಎಂದರು. ಎರಡೂ ಕಡೆಯವರು ಕಾದದ್ದು ಬೇರೆ ಬೇರೆಯದಕ್ಕೆ.

ಸೋತ ಮೋಗ್ಲಿಂಗ್ ಸುಮ್ಮನೆ ಕೂಡಲಿಲ್ಲ ಎಂಬುದೇ ದೊಡ್ಡದು. ಮಂಗಳೂರಿನ ಕಲ್ಲಚ್ಚಿನಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದ. ಮೊಳೆ ಜೋಡಿಸುವ ಗೊಡವೆಯಿಲ್ಲ. ಲಿಪಿಕಾರನ ಕೈಬರಹವೇ ಕಲ್ಲಿಗಿಳಿದು ಕಾಗದಕ್ಕೆ ಬರುತ್ತಿತ್ತು. ಪಾದ್ರಿಯ ಅಚ್ಚಿನ ಪಟ್ಟಿಯಲ್ಲಿ ಬಸವಪುರಾಣ! 1853ರಲ್ಲಿ ಬಂದ ಕಿಟೆಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೇ ಕೂಡಿಸಿದ. ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು, ಈ ಕವಿ ಕಿಟೆಲ್‌ನನ್ನು ಕೇಳುವವರಿಲ್ಲ.

ಮುಂದಿನ ಐವತ್ತು ವರ್ಷ ಶಾಲೆ, ಠಾಣೆ, ವರದಿಗಳ ಕಾಲ, ದಾಟಿಬಿಡೋಣ. 1914ರ ಯುದ್ಧ ಬಂದು ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಹಿಡಿದು ಸಾಗಹಾಕಿದ ಮೇಲೆ ಈ ಭಾಗದ ಸಭೆಗಳ ಭಾರ ಊರ ಪಾದ್ರಿಗಳ ಹೆಗಲಿಗೆ ಬಿತ್ತು. ಅವರಲ್ಲೊಬ್ಬರು ಉತ್ತಂಗಿ ಚನ್ನಪ್ಪನವರು.

1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, 1908ರಿಂದ ಪಾದ್ರಿಗಳು. ಭಾನುವಾರ ಸುವಾರ್ತೆ ಹೇಳಿ, ಉಳಿದ ದಿನ ಮಠಗಳ ಓಲೆಕಟ್ಟು, ಹಳ್ಳಿಯವರ ಬಾಯಿ ಎರಡನ್ನೂ ಬಿಡದೆ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿದರು. ಒಂದೇ ಪದ ಒಂದೊಂದು ಓಲೆಯಲ್ಲಿ ಒಂದೊಂದು ತೆರ. ಯಾವುದು ಸರ್ವಜ್ಞನದು, ಯಾವುದು ಅವನ ಹೆಸರಿಗೆ ಜೋತುಬಿದ್ದದ್ದು ಎಂದು ಕೇರಿ ತೂರಿ ತೆಗೆಯಬೇಕು. 1924ರಲ್ಲಿ ‘ಸರ್ವಜ್ಞನ ವಚನಗಳು’ ಹೊರಬಂತು. ಅಲ್ಲಿಗೇ ನಿಲ್ಲಲಿಲ್ಲ. ಸಿದ್ಧರಾಮ, ಆದಯ್ಯ, ಮೋಳಿಗೆ ಮಾರಯ್ಯ ಎಂದು ಶರಣರ ಹಿಂದೆ ಬಿದ್ದರು. ಅನುಭವ ಮಂಟಪ ಕಟ್ಟುಕಥೆ ಎಂದವರ ಜೊತೆ ವಾದಕ್ಕಿಳಿದು, ಅದು ಇತ್ತು ಎಂದು ಸಾಧಿಸಲು ಲೇಖನಿ ಹಿಡಿದವರು ಒಬ್ಬ ಕ್ರೈಸ್ತ ಪಾದ್ರಿ!

ಸಭೆಯಲ್ಲಿ ಎಲ್ಲರಿಗೂ ಹಿಡಿಸುವ ಕೆಲಸವೇನಲ್ಲ ಇದು. ಆದರೆ ಅವರು ಕ್ರಿಸ್ತನನ್ನು ಬಿಟ್ಟು ಶರಣರ ಹತ್ತಿರ ಹೋದವರಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದವರೂ ಅವರೇ. ಕಾಯಕ, ದಾಸೋಹ, ಜಾತಿಯಿಲ್ಲದ ಕೂಟ: ಶರಣರಲ್ಲಿದ್ದದ್ದು ಇದೇ. ಮೊದಲ ಶತಮಾನದ ಕ್ರೈಸ್ತ ಸಭೆಯ ಕಥೆ ಓದಿದವನಿಗೆ ಇದೇನು ಪರಕೀಯವಲ್ಲ. ಎಂಬತ್ತು ವರ್ಷ ಹಿಂದೆ ಕಾಲಜ್ಞಾನಿಗಳಿಗೆ ಮುಚ್ಚಿದ್ದ ಬಾಗಿಲು ಒಳಗಿನಿಂದ ತೆರೆಯಿತು ಎಂದೇ ನಾನು ಓದಿಕೊಂಡಿದ್ದೇನೆ.

ಕ್ಯಾಥೊಲಿಕರಲ್ಲೂ ಇಂಥದ್ದು ನಡೆಯಿತು. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಸ್ವಾಮಿ ಅನಿಮಾನಂದರಂಥ ಜೆಸ್ವಿಟ್ ಗುರುಗಳು ಕಾವಿ ಉಟ್ಟು, ಮಾಂಸ ಬಿಟ್ಟು, ವಿರಕ್ತಮಠದ ರೀತಿಯಲ್ಲೇ ಬದುಕಿದರು. ವೇಷ ಎಂದು ಮೂಗು ಮುರಿಯುವವರು ಎರಡೂ ಕಡೆ ಇದ್ದಾರೆ. ಹಳ್ಳಿಯವರ ಪಂಕ್ತಿಯಲ್ಲಿ ಕೂತು ರೊಟ್ಟಿ ಉಣ್ಣುವವನನ್ನು ಮಾತ್ರ ನಮ್ಮ ಜನ ವೇಷಧಾರಿ ಅನ್ನುವುದಿಲ್ಲ.

1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರೇ ಅಧ್ಯಕ್ಷರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡ ಅವರು 1962ರಲ್ಲಿ ತೀರಿಕೊಂಡರು. ಸರ್ವಜ್ಞನ ತ್ರಿಪದಿ ಹೇಳಿಸದ ಕನ್ನಡ ಶಾಲೆ ನಮ್ಮ ನರಗುಂದ, ರೋಣ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಸಿಗಲಿಕ್ಕಿಲ್ಲ. ಅದನ್ನು ಕೂಡಿಸಿಕೊಟ್ಟವರು ಯಾರೆಂದು ಒಬ್ಬ ಮಾಸ್ತರರನ್ನು ಕೇಳಿ ನೋಡಿ. ಪಾದ್ರಿ ಎಂದರೆ ನಗುತ್ತಾರೆ.