ಹಿತ್ತಲಿನ ಟ್ರೇಲರ್ ರಜೆಯ ಮನೆಯಾದಾಗ

ಆಸ್ಟ್ರೇಲಿಯಾದ ಅನೇಕ ಮನೆಗಳ ಹಿತ್ತಲಲ್ಲಿ ಒಂದು ಪುಟ್ಟ ಟ್ರೇಲರ್ ನಿಂತಿರುತ್ತದೆ. 6 ಅಡಿ ಉದ್ದ, 4 ಅಡಿ ಅಗಲದ ಉಕ್ಕಿನ ಪೆಟ್ಟಿಗೆ, ಎರಡು ಚಕ್ರ. ತೋಟದ ಕಸ, ಹಳೆಯ ಸೋಫಾ, ಇಟ್ಟಿಗೆ, ಮರಳು ಸಾಗಿಸಬೇಕಾದಾಗ ಅದನ್ನು ಕಾರಿನ ಹಿಂದೆ ಜೋಡಿಸುತ್ತಾರೆ. ಉಳಿದ ದಿನ ಅದು ಸುಮ್ಮನೆ ಬಿದ್ದಿರುತ್ತದೆ. ಈ ಪೆಟ್ಟಿಗೆಯನ್ನೇ ಕೆಲವು ಕುಟುಂಬಗಳು ರಜೆಯ ಮನೆಯನ್ನಾಗಿ ಮಾಡಿಕೊಳ್ಳುತ್ತವೆ. ಮೇಲೆ ಡೇರೆ, ಹಿಂದೆ ಅಡುಗೆಮನೆ, ಒಳಗೆ ನೀರು, ದಿನಸಿ, ಹಾಸಿಗೆ. ಡಾಂಬರು ರಸ್ತೆ ಮುಗಿದು ಕಾಡಿನ ಕಚ್ಚಾ ದಾರಿ ಆರಂಭವಾದರೂ ಅದು ಹಿಂಬಾಲಿಸುತ್ತದೆ.

ಇದು ಹೊಸ ಹುಚ್ಚೇನಲ್ಲ. 1930 ಮತ್ತು 40ರ ದಶಕಗಳಲ್ಲೇ ಅಮೆರಿಕದ ಪತ್ರಿಕೆಗಳು ಮನೆಯಲ್ಲಿ ಕಟ್ಟಬಹುದಾದ ಪುಟ್ಟ ಟ್ರೇಲರ್‌ಗಳ ನಕ್ಷೆ ಪ್ರಕಟಿಸುತ್ತಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ಜೀಪುಗಳ ಪುಟ್ಟ ಟ್ರೇಲರ್‌ಗಳೂ ಜನಸಾಮಾನ್ಯರ ಕೈಸೇರಿದವು.

ಬೆಸುಗೆ ಹಾಕುವುದು, ಮೊಳೆ ಹೊಡೆಯುವುದು ಗಂಡಸರ ಕೆಲಸ ಎಂದು ಮನೆಯಾಕೆ ದೂರ ನಿಲ್ಲುವುದುಂಟು. ಆದರೆ ಆ ಟ್ರೇಲರ್‌ನಲ್ಲಿ ಏನೇನು ಹೋಗಬೇಕು, ಯಾವುದು ಎಲ್ಲಿರಬೇಕು ಎಂದು ತೀರ್ಮಾನಿಸುವವಳು ಹೆಚ್ಚಾಗಿ ಅವಳೇ. ಕುಟುಂಬದ ಸುರಕ್ಷೆ ಅಡಗಿರುವುದು ಆ ತೀರ್ಮಾನದಲ್ಲೇ.

ತೂಕದ ಲೆಕ್ಕ

ಆಸ್ಟ್ರೇಲಿಯಾದ ನಿಯಮದಂತೆ, ತುಂಬಿದ ಟ್ರೇಲರ್‌ನ ಚಕ್ರಗಳ ಮೇಲೆ ಬೀಳುವ ತೂಕ 750 ಕಿಲೋ ಮೀರಿದರೆ ಅದಕ್ಕೆ ಪ್ರತ್ಯೇಕ ಬ್ರೇಕ್ ಇರಲೇಬೇಕು. ಒಂದು ಅಂದಾಜು ನೋಡೋಣ. ಬಲಪಡಿಸಿದ ಖಾಲಿ ಟ್ರೇಲರ್ 300 ಕಿಲೋ. ಡೇರೆ, ಹಾಸಿಗೆ 60. ಆಹಾರ ತುಂಬಿದ ಫ್ರಿಜ್ 40. 80 ಲೀಟರ್ ನೀರು ಎಂದರೆ 80 ಕಿಲೋ. ಅಡುಗೆ ಪೆಟ್ಟಿಗೆ, ಪಾತ್ರೆಗಳು 50. ಬ್ಯಾಟರಿ 30, ಗ್ಯಾಸ್ ಸಿಲಿಂಡರ್ 10, ಹೆಚ್ಚುವರಿ ಚಕ್ರ 25. ಬಟ್ಟೆ, ಕುರ್ಚಿ, ಮಕ್ಕಳ ಸಾಮಾನು 80. ಒಟ್ಟು 675 ಕಿಲೋ ಆಯಿತು! ಇನ್ನೊಂದು ತೊಟ್ಟಿ ನೀರು ಇರಲಿ ಎಂದರೆ ಗೆರೆಗೆ ಇನ್ನಷ್ಟು ಹತ್ತಿರವಾಯಿತು. ಆದ್ದರಿಂದ ಹೊರಡುವ ಮೊದಲು ಎಲ್ಲವನ್ನೂ ತುಂಬಿ ವೇಬ್ರಿಡ್ಜ್‌ನಲ್ಲಿ ತೂಗಿಸುವುದು ಜಾಣತನ. ಟ್ರೇಲರ್‌ನ ಫಲಕದಲ್ಲಿ ಮತ್ತು ಕಾರಿನ ಕೈಪಿಡಿಯಲ್ಲಿ ಬರೆದ ಮಿತಿಗಳನ್ನೂ ಮೀರಬಾರದು.

ಅಡುಗೆಮನೆ ಎಲ್ಲಿ?

ಹಿಂಬದಿಯ ಬಾಗಿಲು ಕೆಳಗಿಳಿಸಿದರೆ ಅದೇ ಅಡುಗೆ ಕಟ್ಟೆಯಾಗುತ್ತದೆ. ಒಲೆ, ಪಾತ್ರೆ, ಮಸಾಲೆ ಡಬ್ಬಿ ಎಲ್ಲವೂ ಕೈಗೆಟಕುತ್ತವೆ. ಈ ಅನುಕೂಲದಲ್ಲೇ ಒಂದು ಅಪಾಯವಿದೆ. ಹಿಂಭಾಗದಲ್ಲಿ ಭಾರ ಹೆಚ್ಚಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ಆಗ ಕಾರೂ ಚಾಲಕನ ಹಿಡಿತ ತಪ್ಪಬಹುದು.

ಪರಿಹಾರ ಸರಳ. ಹಿಂದೆ ಅಡುಗೆಮನೆ ಇಟ್ಟರೆ ನೀರಿನ ತೊಟ್ಟಿ, ಬ್ಯಾಟರಿಗಳನ್ನು ಚಕ್ರದ ಅಚ್ಚಿನ ಮುಂದಕ್ಕೆ, ಆದಷ್ಟು ತಗ್ಗಿನಲ್ಲಿ ಕೂರಿಸಬೇಕು. ಒಟ್ಟು ತೂಕದ ಸುಮಾರು 10ನೇ ಒಂದು ಭಾಗ ಕಾರಿನ ಕೊಂಡಿಯ ಮೇಲೆ ಬೀಳುವಂತಿದ್ದರೆ ಒಳ್ಳೆಯದು. ಅದು ತೀರಾ ಹೆಚ್ಚಾದರೂ ಕಷ್ಟವೇ. ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ದಾರಿಯಲ್ಲಿ ನೀರು ಖಾಲಿಯಾದಂತೆ ಈ ಸಮತೋಲನವೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

ನೀರನ್ನು ಕುಡಿಯಲು, ಅಡುಗೆಗೆ, ವುಝೂಗೆ, ಪಾತ್ರೆ ತೊಳೆಯಲು ಎಂದು ಮೊದಲೇ ಪಾಲು ಮಾಡಿಟ್ಟುಕೊಂಡರೆ ಎಷ್ಟು ಒಯ್ಯಬೇಕೆಂಬುದು ಸ್ಪಷ್ಟವಾಗುತ್ತದೆ.

ಕಚ್ಚಾ ದಾರಿಗೆ ಸಿದ್ಧತೆ

ಪೇಟೆಯ ರಸ್ತೆಗೆಂದು ಮಾಡಿದ ಟ್ರೇಲರ್ ಹಳ್ಳ ದಿಣ್ಣೆಗಳಲ್ಲಿ ಬಾಳುವುದಿಲ್ಲ. ಚೌಕಟ್ಟು, ಅಚ್ಚು ಮತ್ತು ಸ್ಪ್ರಿಂಗ್‌ಗಳನ್ನು ನುರಿತವರಿಂದಲೇ ಬಲಪಡಿಸಬೇಕು. ಸಾಮಾನ್ಯ ಗುಂಡು ಕೊಂಡಿಯ ಬದಲು ಎಲ್ಲ ದಿಕ್ಕಿಗೂ ತಿರುಗುವ ಕೊಂಡಿ ಹಾಕುತ್ತಾರೆ. ಆಗ ಟ್ರೇಲರ್ ಒಂದು ಬದಿಗೆ ವಾಲಿದರೂ ಕೊಂಡಿಯ ಮೇಲೆ ತಿರುಚುವ ಒತ್ತಡ ಬೀಳುವುದಿಲ್ಲ. ಸುರಕ್ಷಾ ಸರಪಳಿಯಂತೂ ಇರಲೇಬೇಕು. ಕಾರು ಮತ್ತು ಟ್ರೇಲರ್‌ಗೆ ಒಂದೇ ಅಳತೆಯ ಚಕ್ರಗಳಿದ್ದರೆ ಹೆಚ್ಚುವರಿ ಚಕ್ರ ಎರಡಕ್ಕೂ ಒದಗುತ್ತದೆ. ಕೆಂಪು ಧೂಳು ನುಗ್ಗದಂತೆ ಬಾಗಿಲುಗಳ ಅಂಚಿಗೆ ರಬ್ಬರ್ ಪಟ್ಟಿ ಬೇಕು. ಇಲ್ಲವಾದರೆ ಸಂಜೆ ಹಿಟ್ಟಿನ ಡಬ್ಬಿಯಲ್ಲೂ ಮಣ್ಣು ಸಿಕ್ಕೀತು.

ಕಾಣದ ಶತ್ರು

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಶೇಖರವಾಗುತ್ತದೆ. ಆದ್ದರಿಂದ ಸಿಲಿಂಡರನ್ನು ಟ್ರೇಲರ್‌ನ ಹೊರಗೆ, ನೇರವಾಗಿ ನಿಲ್ಲಿಸಿ ಬಿಗಿಯಬೇಕು.

ಇದಕ್ಕಿಂತಲೂ ಭಯಂಕರವಾದುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯೆಂದು ಕೆಂಡದ ಒಲೆಯನ್ನು ಡೇರೆಯೊಳಗೆ ತಂದಿಟ್ಟರೆ ಮಲಗಿದವರು ಏಳದೇ ಹೋಗಬಹುದು. ಆರಿದಂತೆ ಕಾಣುವ ಇದ್ದಲು ಕೂಡ ಈ ವಿಷವನ್ನು ಹೊರಸೂಸುತ್ತಿರುತ್ತದೆ. ಚಳಿಗಾಲದಲ್ಲಿ ಮರುಭೂಮಿಯಲ್ಲಿ ಡೇರೆ ಹಾಕುವ ಕೊಲ್ಲಿ ರಾಷ್ಟ್ರಗಳ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಬಂಧುಗಳು ಇದನ್ನು ಗಮನಿಸಬೇಕು. ಚಳಿಗೆ ಇನ್ನೊಂದು ಕಂಬಳಿ ಹೊದೆಯಿರಿ, ಕೆಂಡ ಮಾತ್ರ ಹೊರಗಿರಲಿ.

ನಮ್ಮ ದೇಶದಲ್ಲಿ ಇಂತಹ ಪ್ರಯೋಗಕ್ಕೆ ಇಳಿಯುವವರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ನೋಂದಣಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅವಕಾಶ ನೀಡುವುದಿಲ್ಲ.

ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಾಗ ನಮಗೆ ನಿಜಕ್ಕೂ ಬೇಕಾದುದು ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ. "ಇದೂ ಇರಲಿ" ಎಂದು ಕೈಗೆತ್ತಿಕೊಂಡ ವಸ್ತುವನ್ನು ಮರಳಿ ಕಪಾಟಿನಲ್ಲಿಡುವುದು ಕಷ್ಟವೇ. ಆದರೆ ದಾರಿಯಲ್ಲಿ ಮಕ್ಕಳನ್ನು ಕಾಯುವುದು ಮನೆಯಲ್ಲೇ ಬಿಟ್ಟುಬಂದ ಆ ಭಾರ.