ಹಳೆ ಕಾರಿಗೆ ಎಂಥ ಹೊದಿಕೆ?

ಕರಾವಳಿ, ಮಲೆನಾಡಿನ ಕೆಲವು ಮನೆಗಳಲ್ಲಿ ಮೇ ತಿಂಗಳ ಕೊನೆಗೆ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಅಜ್ಜನ ಕಾಲದ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಒರೆಸಿ, ಮೇಲೆ ನೀಲಿ ಟಾರ್ಪಾಲು ಎಳೆದು, ನಾಲ್ಕೂ ಮೂಲೆಗೆ ಹಗ್ಗ ಬಿಗಿದು, ಇನ್ನು ಮಳೆಗಾಲ ಮುಗಿಯುವವರೆಗೆ ಚಿಂತೆಯಿಲ್ಲ ಎಂದುಕೊಳ್ಳುವುದು. ದೀಪಾವಳಿ ಹೊತ್ತಿಗೆ ಟಾರ್ಪಾಲು ಸರಿಸಿದರೆ ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿರುತ್ತದೆ, ಕ್ರೋಮ್ ಬಂಪರಿನ ತುಂಬ ಕಂದು ಚುಕ್ಕೆ, ಸೀಟಿನ ಮೇಲೆ ಬೂಷ್ಟು. ಒಂದು ಹನಿ ಮಳೆಯೂ ಒಳಗೆ ಇಳಿದಿಲ್ಲವಲ್ಲ ಎಂದು ಮಾಲೀಕರು ಟಾರ್ಪಾಲಿನಲ್ಲಿ ತೂತು ಹುಡುಕುತ್ತಾರೆ. ತೂತು ಇಲ್ಲದಿರುವುದೇ ತೊಂದರೆ.

ನೀರು ಮೇಲಿನಿಂದ ಮಾತ್ರ ಬರುವುದಿಲ್ಲ. ಕಾರಿನಡಿಯ ಮಣ್ಣು ಹಗಲಿನಲ್ಲಿ ಬಿಸಿಯಾಗಿ ತೇವವನ್ನು ಮೇಲಕ್ಕೆ ಬಿಡುತ್ತದೆ. ಗಾಳಿಯಲ್ಲಂತೂ ಅದು ಇದ್ದೇ ಇದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಗೆ ಇಳಿದರೆ ಆ ಶಕ್ತಿ ಸುಮಾರು 17 ಗ್ರಾಂಗೆ ಕುಗ್ಗುತ್ತದೆ. ರಾತ್ರಿ ತಂಪಾದಾಗ ಹೆಚ್ಚಿನ ನೀರು ಎಲ್ಲಿಗೆ ಹೋಗಬೇಕು? ಎಲ್ಲಕ್ಕಿಂತ ಬೇಗ ತಣ್ಣಗಾಗುವ ಲೋಹದ ತಗಡಿನ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಬಯಲಿನಲ್ಲಿ ನಿಂತ ಕಾರಿನ ಇಬ್ಬನಿ ಬೆಳಗಿನ ಬಿಸಿಲಿಗೂ ಗಾಳಿಗೂ ಆರಿಹೋಗುತ್ತದೆ. ಟಾರ್ಪಾಲಿನ ಕೆಳಗಿನದು ಆರುವುದಿಲ್ಲ. ಮಧ್ಯಾಹ್ನ ಆವಿಯಾಗಿ, ಹೊರಹೋಗಲು ದಾರಿ ಕಾಣದೆ, ರಾತ್ರಿ ಮತ್ತೆ ಅದೇ ತಗಡಿನ ಮೇಲೆ ಇಳಿಯುತ್ತದೆ. ಗಾಳಿಯ ಆರ್ದ್ರತೆ ಸುಮಾರು ಶೇಕಡಾ 60 ದಾಟಿತೆಂದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಏರತೊಡಗುತ್ತದೆ. ಕಡಲ ಗಾಳಿಯ ಉಪ್ಪು ಸೇರಿದರೆ ಅಷ್ಟು ತೇವವೂ ಬೇಡ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ಜುಲೈ ಪೂರ್ತಿ ಗಾಳಿ ಈ ಮಿತಿಯನ್ನು ಮೀರಿಯೇ ಇರುತ್ತದೆ.

ಹೀಗಾಗಿ ಹಳೆ ಕಾರಿನ ಹೊದಿಕೆಗೆ ಮೊದಲು ಕೇಳಬೇಕಾದ ಪ್ರಶ್ನೆ ನೀರನ್ನು ಎಷ್ಟು ತಡೆಯುತ್ತದೆ ಎಂಬುದಲ್ಲ, ಒಳಗಿನ ಆವಿಯನ್ನು ಎಷ್ಟು ಬೇಗ ಹೊರಗೆ ಬಿಡುತ್ತದೆ ಎಂಬುದು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಒಣಗಿಸಿದ ಕಾಫಿಯನ್ನು ಪ್ಲಾಸ್ಟಿಕ್ ಬಿಟ್ಟು ಗೋಣಿಚೀಲಕ್ಕೆ ತುಂಬುವುದರ ಹಿಂದೆ ಇರುವುದೂ ಇದೇ ತಿಳಿವಳಿಕೆ. ಅಂಗಡಿಯವರು ಮಾತ್ರ ‘ನೂರಕ್ಕೆ ನೂರು ವಾಟರ್‌ಪ್ರೂಫ್ ಸಾರ್’ ಎಂದೇ ಮಾತು ಶುರುಮಾಡುತ್ತಾರೆ. ಗಿರಾಕಿಗೂ ಕೇಳಬೇಕಾಗಿರುವುದು ಅದೇ.

ಹೊಸ ಕಾರಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಈಗಿನ ಕಾರುಗಳ ತಗಡಿಗೆ ಬಹುಮಟ್ಟಿಗೆ ಸತುವಿನ ಲೇಪ ಇರುತ್ತದೆ, ಬಣ್ಣದ ಮೇಲೆ ಬಿಸಿಲು ತಡೆಯುವ ಪಾರದರ್ಶಕ ಪದರವೂ ಇರುತ್ತದೆ. 1957-58ರಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ ಶುರುವಾಗಿ 2014ರವರೆಗೆ ಕೋಲ್ಕತ್ತ ಬಳಿಯ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರ್‌ನ ಹಳೆಯ ತಲೆಮಾರಿಗಾಗಲಿ, ಫಿಯೆಟ್ 1100ರ ವಂಶದಿಂದ ಬಂದ ಪದ್ಮಿನಿಗಾಗಲಿ ಈ ಭಾಗ್ಯವಿರಲಿಲ್ಲ. ತಗಡು ದಪ್ಪ, ನಿಜ. ಆದರೆ ದಪ್ಪ ತಗಡೂ ತುಕ್ಕು ಹಿಡಿಯುತ್ತದೆ. ಕೊಂಚ ನಿಧಾನ, ಅಷ್ಟೆ.

ಬಣ್ಣದ ಕತೆ ಇನ್ನೂ ಸೂಕ್ಷ್ಮ. ಅಮೆರಿಕದ ಡ್ಯೂಪಾಂಟ್ ಕಂಪನಿ 1923ರಲ್ಲಿ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ತಂದಿತು. ಅದುವರೆಗೆ ಒಂದು ಕಾರಿಗೆ ಬಣ್ಣ ಬಳಿದು ಒಣಗಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. ಡ್ಯೂಕೋ ಅದನ್ನು ಗಂಟೆಗಳಿಗೆ ಇಳಿಸಿತು. ನಮ್ಮಲ್ಲಿ ಇಂದಿಗೂ ಮರದ ಬೀರುವಿಗೆ ಹೊಳಪಿನ ಬಣ್ಣ ಹೊಡೆದರೆ ಡ್ಯೂಕೋ ಎನ್ನುವುದು ಆ ಹೆಸರಿನ ಉಳಿಕೆ. ಟಿಂಕರಿಂಗ್ ಶೆಡ್ಡುಗಳಲ್ಲಿ ಈ ಬಗೆಯ ಬಣ್ಣಕ್ಕೆ ಎನ್‌ಸಿ ಪೇಂಟ್ ಎನ್ನುತ್ತಾರೆ. ಇದು ಬೇಗ ಒಣಗುತ್ತದೆ, ಒಳ್ಳೆಯ ಹೊಳಪು ಕೊಡುತ್ತದೆ; ಆದರೆ ಒಣಗಿ ನಲವತ್ತು ವರ್ಷವಾದರೂ ಥಿನ್ನರ್ ಸೋಕಿದರೆ ಕರಗುತ್ತದೆ. ಪ್ಲಾಸ್ಟಿಕ್ ಹೊದಿಕೆಯಿಂದ ಅಪಾಯ ಇರುವುದು ಈ ಬಣ್ಣಕ್ಕೇ. ಪಿವಿಸಿಯನ್ನು ಮೆತ್ತಗಾಗಿಸಲು ಅದರಲ್ಲಿ ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಬಿಸಿಲಿಗೆ ಕಾದ ಹೊದಿಕೆ ಬಣ್ಣಕ್ಕೆ ಅಂಟಿ ಕೂತಾಗ ಆ ರಾಸಾಯನಿಕ ಬಣ್ಣದೊಳಗೆ ಇಳಿದು ಅದನ್ನೂ ಮೆತ್ತಗಾಗಿಸುತ್ತದೆ. ಬಟ್ಟೆಯ ನೆಯ್ಗೆಯ ಅಚ್ಚು ಬೋನೆಟ್ಟಿನ ಮೇಲೆ ಒತ್ತಿದಂತೆ ಮೂಡುತ್ತದೆ. ಪಾಲಿಶ್ ಮಾಡಿ ತೆಗೆಯಲು ಹೋದರೆ ಉಳಿದ ಬಣ್ಣವೂ ತೆಳುವಾಗುತ್ತದೆ.

ತಮ್ಮ ಕಾರಿಗೆ ಇರುವುದು ಯಾವ ಬಣ್ಣ ಎಂದು ಗೊತ್ತಿಲ್ಲದವರು ಡಿಕ್ಕಿಯ ಒಳಂಚಿನಂಥ ಕಾಣದ ಜಾಗದಲ್ಲಿ ಹತ್ತಿಗೆ ಒಂದೆರಡು ಹನಿ ಥಿನ್ನರ್ ಹಾಕಿ ಮೆಲ್ಲಗೆ ಒರೆಸಿ ನೋಡಬಹುದು. ಹತ್ತಿಗೆ ಬಣ್ಣ ಧಾರಾಳವಾಗಿ ಬಂದರೆ ಅದು ಎನ್‌ಸಿ ಇರಬಹುದು. ಎರಡು ದ್ರಾವಣ ಬೆರೆಸಿ ಹೊಡೆಯುವ ಪಿಯು ಪೇಂಟ್ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹೊಸದಾಗಿ ಬಣ್ಣ ಹೊಡೆಸಿದ ಕಾರಿಗಂತೂ ಕನಿಷ್ಠ ಒಂದು ತಿಂಗಳು ಯಾವ ಹೊದಿಕೆಯೂ ಬೇಡ. ಬಣ್ಣದೊಳಗಿನ ದ್ರಾವಕ ಪೂರ್ತಿ ಹಾರಿಹೋಗಲು ಅಷ್ಟು ಸಮಯ ಕೊಡಬೇಕು.

ಮೂಲ ಬಣ್ಣ, ಮೂಲ ತಗಡು ಉಳಿಸಿಕೊಳ್ಳುವುದಕ್ಕೆ ಈಗ ಭಾವುಕತೆಯ ಆಚೆಗೂ ಕಾರಣವಿದೆ. ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಮಾಡದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಸರಣಿಯ ನೋಂದಣಿ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. 1970ರ ದಶಕದ ಮೊದಲ ಭಾಗದ ಅಂಬಾಸಿಡರುಗಳು ಈಗ ಈ ವಯಸ್ಸು ದಾಟಿವೆ. ತುಕ್ಕು ತಿಂದ ಬಾಡಿಯನ್ನು ಕತ್ತರಿಸಿ ಹೊಸ ತಗಡು ಬೆಸೆಯುತ್ತ ಹೋದರೆ ಮೂಲ ಕಾರು ಎನ್ನಲು ಉಳಿಯುವುದೇನು?

ಇನ್ನು ಬಟ್ಟೆಯ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸುಲಭಕ್ಕೆ ಕೈಗೆ ಬರುವುದು ಬೆಳ್ಳಿ ಬಣ್ಣದ ಪಾಲಿಯೆಸ್ಟರ್ ಕವರ್. ಹಗುರ, ಅಗ್ಗ, ಮಡಚಿದರೆ ಒಂದು ಕೈಚೀಲದಷ್ಟು. ಒಳಮೈಯಲ್ಲಿ ಪಾಲಿಯುರಿಥೇನ್ ಲೇಪವಿದ್ದರೆ ನೀರು ತಡೆಯುತ್ತದೆ, ಜತೆಗೇ ಆವಿಯನ್ನೂ ತಡೆಯುತ್ತದೆ. ಸೆಕೆ, ತೇವ ಎರಡೂ ಇರುವ ಕಡೆ ಕೆಲವು ವರ್ಷಗಳಲ್ಲಿ ಆ ಲೇಪವೇ ನೀರಿನೊಡನೆ ವರ್ತಿಸಿ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹಳೆಯ ಮಳೆಕೋಟಿನ ಒಳಗೆ ಕೈ ಹಾಕಿದವರಿಗೆ ಆ ಅಂಟು ಗೊತ್ತು. ಬೀದಿ ಬದಿ ನಿಲ್ಲುವ ದಿನಬಳಕೆಯ ಕಾರಿಗೆ ಈ ಕವರ್ ನಡೆದೀತು. ತಿಂಗಳುಗಟ್ಟಲೆ ಕದಲದ ಹಳೆ ಕಾರಿಗೆ ಇದು ಟಾರ್ಪಾಲಿನ ತಮ್ಮ.

ಅದಕ್ಕಿಂತ ಮೇಲು ಹಲವು ಪದರದ ಪಾಲಿಪ್ರೊಪಿಲೀನ್. ನೇಯದೆ, ಎಳೆಗಳನ್ನು ಬಿಸಿಯಲ್ಲಿ ಬೆಸೆದು ಮಾಡುವ ಬಟ್ಟೆ ಇದು. ಕೋವಿಡ್ ಕಾಲದಲ್ಲಿ ಎಲ್ಲರೂ ಮುಖಕ್ಕೆ ಕಟ್ಟಿಕೊಂಡ ಸರ್ಜಿಕಲ್ ಮಾಸ್ಕ್ ಆಗಿದ್ದೂ ಇದೇ. ಹೊರಗಿನ ಪದರಗಳು ಬಲಕ್ಕೆ, ನಡುವಿನ ಅತಿ ಸೂಕ್ಷ್ಮ ಎಳೆಯ ಪದರ ನೀರ ಹನಿಯನ್ನು ತಡೆಯಲಿಕ್ಕೆ. ಆವಿ ಮಾತ್ರ ಎಳೆಗಳ ನಡುವೆ ನುಸುಳಿ ಹೊರಹೋಗುತ್ತದೆ. ಅಮೆರಿಕದ ಕಿಂಬರ್ಲಿ-ಕ್ಲಾರ್ಕ್ ಕಂಪನಿ ಈ ಜಾತಿಯ ಬಟ್ಟೆಯನ್ನು ಕಾರ್ ಕವರಿಗೆಂದೇ ತಯಾರಿಸಿ ಹೆಸರು ಮಾಡಿತು. ಇದರ ಶತ್ರು ಬಿಸಿಲು. ಅತಿನೇರಳೆ ಕಿರಣ ತಡೆಯುವ ಅಂಶ ಬೆರೆಸದ ಪಾಲಿಪ್ರೊಪಿಲೀನ್ ರಾಯಚೂರು, ಕಲಬುರಗಿಯ ಬೇಸಿಗೆಗೆ ಸಿಕ್ಕಿದರೆ ಬೇಗನೆ ಗರಿಗರಿಯಾಗಿ ಪುಡಿ ಉದುರುತ್ತದೆ.

ಬಿಸಿಲಿಗೆ ಜಗ್ಗದ್ದು ಅಕ್ರಿಲಿಕ್. ಒಳ್ಳೆಯ ಜಾತಿಯದಕ್ಕೆ ನೂಲು ತೆಗೆಯುವ ಮೊದಲೇ, ದ್ರಾವಣದಲ್ಲೇ ಬಣ್ಣ ಬೆರೆಸಿರುತ್ತಾರೆ. ಆದ್ದರಿಂದ ಬಣ್ಣ ಎಳೆಯ ಒಳಗೂ ಇರುತ್ತದೆ, ಬೇಗ ಮಾಸುವುದಿಲ್ಲ. 1960ರ ದಶಕದಲ್ಲಿ ಸನ್‌ಬ್ರೆಲ್ಲಾ ಎಂಬ ಹೆಸರಿನಲ್ಲಿ ಅಂಗಡಿ ಮುಂದಿನ ನೆರಳುಬಟ್ಟೆಗೆಂದು ಬಂದದ್ದು ಆಮೇಲೆ ದೋಣಿಗೂ ಕಾರಿಗೂ ಹರಡಿತು. ಗಾಳಿಯಾಡುತ್ತದೆ, ನೀರು ಜಾರುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ದುಬಾರಿ. ಮನೆಯೊಳಗೆ, ಗ್ಯಾರೇಜಿನಲ್ಲಿ ನಿಲ್ಲುವ ಕಾರಿಗಾದರೆ ಇದಾವುದೂ ಬೇಕಿಲ್ಲ. ಮೆತ್ತನೆಯ ಹತ್ತಿ ಫ್ಲಾನೆಲ್ ಸಾಕು. ಧೂಳು ತಡೆದು, ಆವಿ ಬಿಡುತ್ತದೆ, ಬಣ್ಣವನ್ನು ಗೀರುವುದಿಲ್ಲ. ಆದರೆ ಅದನ್ನು ಮಳೆಗೆ ಒಡ್ಡಿದರೆ ನೆನೆದು ಭಾರವಾಗಿ, ಒದ್ದೆ ಕಂಬಳಿ ಹೊದ್ದ ಪಾಡು ಕಾರಿಗೆ.

ಅಳತೆಯನ್ನು ಹೆಚ್ಚಿನವರು ಲಘುವಾಗಿ ನೋಡುತ್ತಾರೆ. ಹಳೆ ಮಾದರಿಗೆ ಕವರ್ ಸಿಗದಿದ್ದಾಗ ಅಂಗಡಿಯವರು ಉದ್ದ ನೋಡಿ ಇಂದಿನ ಯಾವುದೋ ಕಾರಿನದನ್ನು ಕೊಡುತ್ತಾರೆ. ಪದ್ಮಿನಿ ಸುಮಾರು 3.9 ಮೀಟರ್ ಉದ್ದ. ಇಂದಿನ ಡಿಸೈರ್ ನಾಲ್ಕು ಮೀಟರಿಗೆ ಕೂದಲೆಳೆ ಕಡಿಮೆ. ಉದ್ದ ಹೊಂದಿತು. ಅಗಲ? ಪದ್ಮಿನಿಯದು 1.46 ಮೀಟರ್ ಆಸುಪಾಸು, ಡಿಸೈರ್‌ನದು 1.73. ಒಂದು ಗೇಣಿಗೂ ಹೆಚ್ಚು ಬಟ್ಟೆ ಸಡಿಲ. ಗಾಳಿ ಬೀಸಿದಾಗಲೆಲ್ಲ ಆ ಸಡಿಲ ಬಟ್ಟೆ ಬಾಡಿಗೆ ಪಟಪಟ ಬಡಿಯುತ್ತದೆ, ನಡುವೆ ಧೂಳು ಸಿಕ್ಕಿಕೊಂಡಿರುತ್ತದೆ. ರಸ್ತೆ ಧೂಳಿನಲ್ಲಿ ಹೇರಳವಾಗಿರುವ ಸ್ಫಟಿಕದ ಕಣ ಗಾಜಿಗಿಂತ ಗಟ್ಟಿ. ಒಂದು ಆಷಾಢದ ಗಾಳಿ ಮುಗಿಯುವಷ್ಟರಲ್ಲಿ ಮಡ್‌ಗಾರ್ಡಿನ ಉಬ್ಬು, ಬಾಗಿಲಿನ ಏಣುಗಳಲ್ಲಿ ಬಣ್ಣ ಸವೆದು ಅಡಿಯ ಪ್ರೈಮರ್ ಇಣುಕತೊಡಗುತ್ತದೆ. ಕಾರಿನ ಅಳತೆ ಕೊಟ್ಟು ಹೊಲಿಸುವುದೇ ಮೇಲು. ಕನ್ನಡಿ, ಆಂಟೆನಾ, ಬೋನೆಟ್ಟಿನ ಮೇಲಿನ ಲಾಂಛನಕ್ಕೆ ಜಾಗ ಬಿಡಿಸಬೇಕು. ಹೊಲಿಗೆ ನಡು ಛಾವಣಿಯ ಮೇಲೆ ಬಾರದಂತೆ ಹೇಳಿದರೆ ನೀರು ಜಿನುಗುವ ಒಂದು ದಾರಿ ಕಡಿಮೆ. ಹೊಟ್ಟೆಯ ಕೆಳಗೆ ಹಾದುಬರುವ ಪಟ್ಟಿ ಬೇಕು. ಕೊಕ್ಕೆ ಮಾತ್ರ ಲೋಹದ್ದಾಗಬಾರದು.

ಕಾರು ಎಲ್ಲಿ ನಿಲ್ಲುತ್ತದೆ ಎಂಬುದೂ ಮುಖ್ಯ. ಅಪಾರ್ಟ್‌ಮೆಂಟಿನ ನೆಲಮಾಳಿಗೆ ಸುರಕ್ಷಿತ ಎಂದು ನಂಬುವವರು ಒಮ್ಮೆ ತಲೆ ಎತ್ತಿ ನೋಡಬೇಕು. ಕಾಂಕ್ರೀಟಿನ ಬಿರುಕಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಸುಣ್ಣ ಕರಗಿರುತ್ತದೆ. ಅದು ಬಣ್ಣದ ಮೇಲೆ ಬಿದ್ದು ಒಣಗಿದರೆ ಬಿಳಿ ಕಲೆ ಮೂಡಿ ಬಣ್ಣವನ್ನೇ ಕೊರೆಯುತ್ತದೆ. ಮಳೆಗಿಂತ ಕೆಟ್ಟದ್ದು ಇದು. ಅಂಥಲ್ಲಿ ಫ್ಲಾನೆಲ್ ಸಾಲದು, ನೀರು ತಡೆಯುವ ಬಟ್ಟೆಯೇ ಬೇಕು. ಮಾವಿನ ಮರದಡಿ ನಿಲ್ಲಿಸುವವರಿಗೆ ಸೊನೆಯ ಕಾಟ. ಮೈಗೆ ತಾಗಿದರೆ ಸುಡುವ ಸೊನೆ ಬಣ್ಣವನ್ನು ಬಿಟ್ಟೀತೇ? ಹಕ್ಕಿ ಹಿಕ್ಕೆಯದು ಇನ್ನೊಂದು ಬಗೆ. ಬಿಸಿಲಿಗೆ ಹಿಗ್ಗಿ ಮೆತ್ತಗಾದ ಬಣ್ಣ ಸಂಜೆ ಕುಗ್ಗುವಾಗ, ಮೇಲೆ ಒಣಗಿ ಗಟ್ಟಿಯಾದ ಹಿಕ್ಕೆಯ ಆಕಾರಕ್ಕೇ ಅಚ್ಚು ಹೊಯ್ದಂತೆ ಕೂರುತ್ತದೆ. ಸೊನೆಗೂ ಹಿಕ್ಕೆಗೂ ಯಾವ ಹೊದಿಕೆಯೂ ಆದೀತು. ತೆಂಗಿನಕಾಯಿಗೆ ಮಾತ್ರ ಯಾವುದೂ ಆಗದು, ಕಾರನ್ನೇ ಸರಿಸಬೇಕು.

ಕರಾವಳಿಯವರಿಗೂ ಆಗುಂಬೆ ಸೀಮೆಯವರಿಗೂ ನೇರ ಮಾತು: ಬಯಲಲ್ಲಿ ನಿಲ್ಲುವ ಹಳೆ ಕಾರನ್ನು ಮಳೆಗಾಲದಲ್ಲಿ ಬರೀ ಹೊದಿಕೆಯಿಂದ ಕಾಪಾಡುವ ಆಸೆ ಬಿಡುವುದು ಒಳ್ಳೆಯದು. ದುಬಾರಿ ಕವರಿನ ದುಡ್ಡಿಗೆ ಇನ್ನಷ್ಟು ಸೇರಿಸಿ ನಾಲ್ಕು ಕಂಬ ನೆಟ್ಟು, ಶೀಟು ಹಾಕಿಸಿ, ನೆಲಕ್ಕೆ ಸಿಮೆಂಟು ಮೆತ್ತಿಸಿ, ಗೋಡೆಯಿಲ್ಲದೆ ಬಿಟ್ಟರೆ ಅದೇ ಮೊದಲ ಹೊದಿಕೆ. ಅದರಡಿ ತೆಳುವಾದ, ಗಾಳಿಯಾಡುವ ಬಟ್ಟೆ ಹಾಕಿದರಾಯಿತು. ಧರ್ಮಸ್ಥಳದ ಸಂಗ್ರಹದಲ್ಲಾಗಲಿ ಶ್ರೀರಂಗಪಟ್ಟಣ ಬಳಿಯ ಪಯಣ ವಸ್ತುಸಂಗ್ರಹಾಲಯದಲ್ಲಾಗಲಿ ಹಳೆ ಕಾರುಗಳು ನಿಂತಿರುವುದು ಸೂರಿನಡಿಯಲ್ಲಿ. ಬ್ರಿಟನ್ನಿನಲ್ಲಿ ಇದೇ ವಿಚಾರವನ್ನು ಇನ್ನೂ ಮುಂದೆ ಒಯ್ದು, ಕಾರ್‌ಕೂನ್ ಎಂಬ ಹೆಸರಿನ ಊದಿ ನಿಲ್ಲಿಸುವ ಡೇರೆ ಮಾಡಿದ್ದಾರೆ. ಸಣ್ಣ ಫ್ಯಾನುಗಳು ಹಗಲಿರುಳು ಗಾಳಿಯನ್ನು ಕಾರಿನ ಸುತ್ತ ಆಡಿಸುತ್ತಿರುತ್ತವೆ, ಬಟ್ಟೆ ಬಣ್ಣಕ್ಕೆ ತಾಗುವುದೇ ಇಲ್ಲ.

ಕೊಳ್ಳುವ ಮೊದಲು ಬಟ್ಟೆಯ ಒಂದು ತುಂಡು ಕೇಳಿ ತಂದು ಮನೆಯಲ್ಲೇ ಪರೀಕ್ಷಿಸಬಹುದು. ಬಿಸಿನೀರಿನ ಲೋಟದ ಬಾಯಿಗೆ ತುಂಡನ್ನು ಬಿಗಿಯಾಗಿ ಕಟ್ಟಿ, ಮೇಲೆ ಗಾಜಿನ ಲೋಟ ಬೋರಲು ಹಾಕಿದರೆ, ಆವಿ ಬಿಡುವ ಬಟ್ಟೆಯಾದರೆ ಗಾಜು ಮಬ್ಬಾಗುತ್ತದೆ. ಆಮೇಲೆ ಅದೇ ತುಂಡಿನ ಮೇಲೆ ತಣ್ಣೀರು ಸುರಿದು ಹತ್ತು ನಿಮಿಷ ಬಿಟ್ಟು ಅಡಿಭಾಗ ಮುಟ್ಟಿ ನೋಡುವುದು. ಎರಡರಲ್ಲೂ ಗೆದ್ದ ಬಟ್ಟೆಯ ಒಳಮೈಯನ್ನು ಕೆನ್ನೆಗೆ ಉಜ್ಜಿಕೊಂಡರೆ ಅದು ಬಣ್ಣಕ್ಕೆ ಎಷ್ಟು ಮೃದು ಎಂಬುದೂ ತಿಳಿಯುತ್ತದೆ. ಅಂಗಡಿಯವರು ನಕ್ಕರೆ ನಗಲಿ.

ತಂದ ಮೇಲೆ ಹೊದಿಸುವುದಕ್ಕೂ ಕ್ರಮವಿದೆ. ಕಾರು ತೊಳೆದು ಪೂರ್ತಿ ಒಣಗಿರಬೇಕು, ಎಂಜಿನ್ನೂ ಸೈಲೆನ್ಸರ್ ಕೊಳವೆಯೂ ತಣ್ಣಗಾಗಿರಬೇಕು. ತೆಗೆಯುವಾಗ ನೆಲಕ್ಕೆ ಬಿಡದೆ ಎರಡೂ ಬದಿಯನ್ನು ಛಾವಣಿಯ ಮೇಲಕ್ಕೆ ಮಡಚಿ, ಹಿಂದಿನಿಂದ ಸುತ್ತುತ್ತ ಬಂದರೆ ಹೊರಮೈಯ ಧೂಳು ಒಳಮೈಗೆ ಹತ್ತುವುದಿಲ್ಲ. ಮಳೆಗಾಲದಲ್ಲಿ ಹೊಳವಾದ ದಿನ ಹೊದಿಕೆ ಸರಿಸಿ, ಬಾಗಿಲು ಡಿಕ್ಕಿ ಬೋನೆಟ್ ತೆರೆದಿಟ್ಟು, ಒಂದೆರಡು ಗಂಟೆ ಗಾಳಿ ಆಡಿಸಬೇಕು. ಇಲಿ ಗೂಡು ಕಟ್ಟಿದೆಯೇ ಎಂದು ನೋಡಲೂ ಅದೇ ಹೊತ್ತು; ಹೊದಿಕೆಯಡಿಯ ಕತ್ತಲು, ಬೆಚ್ಚಗಿನ ಸೀಟು ಎಂದರೆ ಇಲಿಗೆ ಇಷ್ಟ, ವೈರು ಇನ್ನೂ ಇಷ್ಟ. ಹೊದಿಕೆಯನ್ನು ತೊಳೆಯುವಾಗ ಬಟ್ಟೆ ಮೃದುಗೊಳಿಸುವ ದ್ರವ ಹಾಕಬಾರದು. ಅದರ ಪದರ ಎಳೆಗಳ ಮೇಲೆ ಕೂತು ನೀರು ಜಾರುವ ಗುಣವನ್ನು ಕೆಡಿಸುತ್ತದೆ. ತೊಳೆದ ಮೇಲೂ ಒಳಮೈ ಪುಡಿ ಬಿಡುತ್ತಿದ್ದರೆ ಅದರ ಆಯುಸ್ಸು ಮುಗಿಯಿತು. ಮನೆಯಲ್ಲಿ ಉಳಿದ ನೀಲಿ ಟಾರ್ಪಾಲನ್ನು ಎಸೆಯಬೇಕಿಲ್ಲ. ಸೌದೆ ಒಟ್ಟಿಲಿಗೆ ಮೇಲ್ಗಡೆಯಷ್ಟೇ ಹೊದಿಸಿ ಬದಿ ಬಿಟ್ಟರೆ ಅಲ್ಲಿ ಚೆನ್ನಾಗಿ ಬಾಳುತ್ತದೆ.