ರವೆ ಡಬ್ಬಿಯ ಹುಳು, ಕಬ್ಬಿನ ಗದ್ದೆಯ ಕಾವಲು

ಬಹಳ ದಿನ ಮುಚ್ಚಿಟ್ಟ ರವೆ ಡಬ್ಬಿಯನ್ನು ತೆರೆದಾಗ ಕೆಲವೊಮ್ಮೆ ರವೆ ಎಳೆಎಳೆಯಾಗಿ ಹೆಣೆದುಕೊಂಡು ಗಂಟು ಕಟ್ಟಿರುತ್ತದೆ. ‘ನುಸಿ ಹಿಡಿದಿದೆ’ ಎಂದು ಮೊರ ಹುಡುಕುತ್ತೇವೆ. ಆದರೆ ನುಸಿಗೆ ನೂಲು ತೆಗೆಯಲು ಬಾರದು. ಇದು ಹೆಚ್ಚಾಗಿ ಅಕ್ಕಿ ಪತಂಗದ ಮರಿಹುಳುವಿನ ಕೆಲಸ. ವಿಜ್ಞಾನಿಗಳು ಇದನ್ನು ಕಾರ್ಸೈರಾ ಸೆಫಲೋನಿಕಾ ಎನ್ನುತ್ತಾರೆ.

ಬೂದುಗಂದು ಬಣ್ಣದ ಈ ಪುಟ್ಟ ಪತಂಗ ಪೈರಾಲಿಡೆ ಎಂಬ ‘ಮೂತಿ ಪತಂಗ’ಗಳ ಕುಟುಂಬಕ್ಕೆ ಸೇರಿದೆ. ತಲೆಯ ಮುಂದೆ ಚಾಚಿಕೊಂಡ ಸ್ಪರ್ಶಾಂಗಗಳೇ ಆ ಮೂತಿ. ಹೆಣ್ಣಿಗೆ ಅದು ಉದ್ದ, ಗಂಡಿಗೆ ಕಂಡೂ ಕಾಣದಷ್ಟು ಗಿಡ್ಡ. ಗಂಡು ಹೆಣ್ಣನ್ನು ಒಲಿಸಿಕೊಳ್ಳುವಾಗ ನಮ್ಮ ಕಿವಿಗೆ ಕೇಳದ ಶ್ರವಣಾತೀತ ಸದ್ದು ಹೊರಡಿಸುತ್ತದೆ. ಕಾಳಿಗೆ ಕಾಟ ಕೊಡುವುದು ಪತಂಗವಲ್ಲ, ಮರಿಹುಳು ಮಾತ್ರ.

ಅಕ್ಕಿ, ಜೋಳ, ರಾಗಿ, ಶೇಂಗಾ ಎನ್ನದೆ ತಿಂದು ಬೆಳೆದು, ಸುಮಾರು ಒಂದೂವರೆ ತಿಂಗಳಲ್ಲಿ ಮುಂದಿನ ಪೀಳಿಗೆಗೆ ಸಿದ್ಧವಾಗುವುದು ಇದರ ಸ್ವಭಾವ. ಉಗ್ರಾಣಕ್ಕೆ ಶಾಪವಾದ ಈ ಗುಣವೇ ಕೃಷಿ ವಿಜ್ಞಾನಿಗಳಿಗೆ ವರ.

ಟ್ರೈಕೋಗ್ರಾಮಾ ಎಂಬ ಕಣಜವಿದೆ. ಗಾತ್ರ ಒಂದು ಮಿಲಿಮೀಟರಿಗೂ ಕಡಿಮೆ. ಅದು ಪತಂಗಗಳ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಕಬ್ಬಿನ ಕಾಂಡಕೊರಕವನ್ನು ಮೊಟ್ಟೆಯಲ್ಲೇ ಮುಗಿಸಲು ಇಂಥ ಕಣಜಗಳು ಲಕ್ಷಗಟ್ಟಲೆ ಬೇಕು. ಅವುಗಳಿಗೆ ಮೊಟ್ಟೆ ಒದಗಿಸಲು ಕೊರಕವನ್ನೇ ಅಷ್ಟು ಸಂಖ್ಯೆಯಲ್ಲಿ ಸಾಕುವುದು ಕಷ್ಟ. ಅಕ್ಕಿ ಪತಂಗಕ್ಕಾದರೆ ಒಂದು ತಟ್ಟೆ ಜೋಳದ ನುಚ್ಚು ಸಾಕು.

ಪ್ರಯೋಗಾಲಯದಲ್ಲಿ ಪತಂಗದ ಮೊಟ್ಟೆಗಳನ್ನು ಸೋಸಿ, ಅತಿನೇರಳೆ ಬೆಳಕಿಗೆ ಒಡ್ಡಿ, ಒಳಗಿನ ಭ್ರೂಣವನ್ನು ಕೊಲ್ಲುತ್ತಾರೆ. ಇಲ್ಲವಾದರೆ ಒಡೆದು ಬಂದ ಮರಿಗಳು ಉಳಿದ ಮೊಟ್ಟೆಗಳನ್ನೇ ತಿಂದುಬಿಡುತ್ತವೆ. ಆಮೇಲೆ ಮೊಟ್ಟೆಗಳನ್ನು ಅಂಟಿಸಿದ ರಟ್ಟನ್ನು ಕಣಜಗಳ ಮುಂದಿಡುತ್ತಾರೆ. ಮೂರ್ನಾಲ್ಕು ದಿನದಲ್ಲಿ ಮೊಟ್ಟೆ ಕಪ್ಪಾದರೆ ಕಣಜ ಒಳಹೊಕ್ಕಿದೆ ಎಂದು ಲೆಕ್ಕ. ಇದೇ ರೈತರು ಎಲೆಯಡಿ ಸಿಕ್ಕಿಸುವ ಟ್ರೈಕೋಕಾರ್ಡ್. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆ ಹಿಡಿಯುತ್ತವೆ. ಅವುಗಳಿಂದ ಹೊರಬರುವುದು ಪತಂಗವಲ್ಲ, ಕಣಜ.

ಮರಿಹುಳುವೂ ವ್ಯರ್ಥವಲ್ಲ. ತೆಂಗಿನ ಕಪ್ಪುತಲೆ ಹುಳುವನ್ನು ಹಿಡಿತದಲ್ಲಿಡುವ ಗೋನಿಯೋಜಸ್ ಕಣಜವನ್ನು ಸಾಕುವುದು ಇದರ ಮೇಲೆಯೇ. ಹೀಗೆ ಮನೆಯಲ್ಲಿ ಮೊರದಿಂದ ಆಚೆ ಬೀಳುವ ಹುಳು, ಪ್ರಯೋಗಾಲಯದಲ್ಲಿ ನುಚ್ಚು ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಜೇನುತುಪ್ಪದ ಉಪಚಾರ ಪಡೆಯುತ್ತದೆ.